ಮೇ ರಜೆಯಲ್ಲಿ ಸ್ಪಿತಿಗೆ ಬೈಕ್: ಮನಾಲಿ ಕಡೆಯಿಂದ ಹೋಗೋದಾ, ಶಿಮ್ಲಾ ಕಡೆಯಿಂದಲಾ?

ತುಂಗಾತೀರ, ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲ್ ಮೇಷ್ಟ್ರು. ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ ಎಲ್ಲವನ್ನೂ ಮಳೆಗಾಲದಲ್ಲೂ ಹತ್ತಿ ಇಳಿದಿದ್ದೇನೆ. ಹಿಮಾಲಯ ಮಾತ್ರ ನೋಡಿಲ್ಲ. ಈ ಬೇಸಿಗೆ ರಜೆಗೆ ನಾನು, ನನ್ನ ಭಾವಮೈದ ಇಬ್ಬರೂ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಬೇಕು ಅಂತ ಗಟ್ಟಿ ಮಾಡಿದ್ದೇವೆ.

ನಮ್ಮ ಲೆಕ್ಕ ಹೀಗಿದೆ. ಮೇ 10ಕ್ಕೆ ಮನಾಲಿ ಬಿಡುವುದು. ಅವತ್ತೇ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ರಾತ್ರಿ. ಮರುದಿನ ಕುಂಜುಮ್ ಪಾಸ್ ದಾಟಿ ಸ್ಪಿತಿಯ ಮುಖ್ಯ ಊರು ಕಾಜಾ. ಆಮೇಲೆ ತಾಬೋ, ನಾಕೋ, ಕಲ್ಪಾ ನೋಡಿಕೊಂಡು ಶಿಮ್ಲಾಕ್ಕೆ ಇಳಿಯುವುದು. ಒಟ್ಟು 7 ದಿನ. ನನ್ನದು ಕ್ಲಾಸಿಕ್ 350. ಅವನದು 2017ರ ಪಲ್ಸರ್ 150. ನಮ್ಮ ಬೈಕನ್ನೇ ರೈಲಿನಲ್ಲಿ ಕಳಿಸುವುದು ಒಳ್ಳೆಯದಾ, ಅಲ್ಲೇ ಬಾಡಿಗೆಗೆ ತಗೊಳ್ಳುವುದು ಒಳ್ಳೆಯದಾ? ಪಲ್ಸರ್ ಆ ಎತ್ತರಕ್ಕೆ ಏರುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಘಟ್ಟದಾರಿ, ಮಾರ್ಚ್ 4

ಮೇಷ್ಟ್ರೇ, ಸ್ಪಿತಿಗೆ ಮೂರು ಸಲ ಹೋಗಿದ್ದೇನೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ನಿಮ್ಮ ದಾರಿಯನ್ನು ತಲೆಕೆಳಗು ಮಾಡಿ.

ಮೊದಲನೆಯದು, ಮೇ 10ಕ್ಕೆ ಕುಂಜುಮ್ ತೆರೆದಿರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅದು 4,500 ಮೀಟರ್‌ಗೂ ಮೇಲಿರುವ ಕಣಿವೆ ದಾರಿ. ಚಳಿಗಾಲ ಪೂರ್ತಿ ಹಿಮದಡಿ ಇರುತ್ತದೆ. ಹಿಮ ತೆಗೆದು ರಸ್ತೆ ಬಿಡುವಾಗ ಸಾಮಾನ್ಯವಾಗಿ ಮೇ ಕೊನೆ ಬರುತ್ತದೆ, ಇಲ್ಲವೇ ಜೂನ್. ಶಿಮ್ಲಾದಿಂದ ಕಿನ್ನೌರ್ ಜಿಲ್ಲೆ ಮೇಲೆ ಬರುವ ರಸ್ತೆ ಹಾಗಲ್ಲ. ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ತಾಬೋ, ಕಾಜಾ. ಇದು ವರ್ಷವಿಡೀ ಇರುವ ದಾರಿ. ಮಧ್ಯೆ ಕುಸಿತ, ಹಿಮ ಬಂದು ಕೆಲವು ಹೊತ್ತು ನಿಲ್ಲಬಹುದು, ಅಷ್ಟೇ.

ಎರಡನೆಯದು ಇದಕ್ಕಿಂತ ದೊಡ್ಡ ವಿಷಯ. ಎತ್ತರ. ನಮ್ಮ ಇಡೀ ಕರ್ನಾಟಕದಲ್ಲಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಶಿಮ್ಲಾ ಪೇಟೆಯೇ ಅದಕ್ಕಿಂತ ಮೇಲಿದೆ. ಮನಾಲಿ ಸುಮಾರು 2,050. ಚಂದ್ರತಾಲ್ ಸುಮಾರು 4,250. ಅಂದರೆ ಮೊದಲನೇ ರಾತ್ರಿಯೇ ನೀವು ಮಲಗುವ ಜಾಗ 2,200 ಮೀಟರ್ ಮೇಲೆ ಹೋಗುತ್ತದೆ. ಮುಳ್ಳಯ್ಯನಗಿರಿಯ ತುದಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ಮೇಲೂ ಸ್ವಲ್ಪ ಹತ್ತಿ ಮಲಗಿದ ಹಾಗೆ. ದೇಹ ಒಪ್ಪುವುದಿಲ್ಲ.

ಶಿಮ್ಲಾ ಕಡೆಯಿಂದ ಹೋದರೆ ದಾರಿಯೇ ನಿಮ್ಮನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಸರಹನ್ 2,300 ಚಿಲ್ಲರೆ, ಸಾಂಗ್ಲಾ 2,700, ಕಲ್ಪಾ 2,960, ತಾಬೋ 3,280, ಕಾಜಾ 3,650 ಸುಮಾರು. ಇದಕ್ಕಿಂತ ಒಳ್ಳೆಯ ಏಣಿ ಯಾರೂ ಮಾಡಿಕೊಡುವುದಿಲ್ಲ.

ವೇಗದೂತ, ಮಾರ್ಚ್ 5

ನಾವು ಕಳೆದ ಜುಲೈನಲ್ಲಿ ಪೂರ್ತಿ ಸುತ್ತು 5 ದಿನದಲ್ಲಿ ಮುಗಿಸಿದ್ದೇವೆ, ಅದೂ ಮನಾಲಿಯಿಂದಲೇ. ಆರು ಜನ ಇದ್ದೆವು. ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ. ಮೈ ಗಟ್ಟಿ ಇದ್ದರೆ ಸಾಕು.

ಕೆಂಪುಹೆಲ್ಮೆಟ್, ಮಾರ್ಚ್ 5

ನಿಮಗೆ ಏನೂ ಆಗಲಿಲ್ಲ ಅಂತ ಕೇಳಿ ನಿಜಕ್ಕೂ ಖುಷಿ. ನಮಗೆ ಆಯಿತು. ಅದನ್ನು ಇಲ್ಲಿ ಬರೆಯಲೇಬೇಕು.

ನಾನು, ನಮ್ಮ ಮನೆಯವರು ಒಂದೊಂದು ಬೈಕಿನಲ್ಲಿ ಜುಲೈನಲ್ಲಿ ಮನಾಲಿಯಿಂದ ಹೊರಟಿದ್ದೆವು. ಅವರು ದಿನಾ ಬೆಳಗ್ಗೆ 8 ಕಿ.ಮೀ. ಓಡುವವರು. ಮೈ ಗಟ್ಟಿ ಅಂದರೆ ಅವರದೇ. ಸಂಜೆ 5ಕ್ಕೆ ಚಂದ್ರತಾಲ್ ಟೆಂಟಿಗೆ ಬಂದೆವು. ಅವರು ಹೆಲ್ಮೆಟ್ ತೆಗೆದು ಒಂದು ಕಲ್ಲಿನ ಮೇಲೆ ಕೂತರು. ಗ್ಲೌಸ್ ತೆಗೆಯಲು ಹೋಗಿ ಸುಮ್ಮನಾದರು. ಬೆರಳಿನ ತುದಿ ಹಿಡಿದು ಎಳೆಯುವುದು ಹೇಗೆ ಅಂತಲೇ ಮರೆತವರ ಹಾಗೆ ಕೈ ನೋಡುತ್ತಾ ಕೂತಿದ್ದರು. ನಾನೇ ತೆಗೆದೆ. ರಾತ್ರಿ 9ಕ್ಕೆ ತಲೆ ಒಡೆದುಹೋಗುವ ನೋವು, ಎರಡು ಸಲ ವಾಂತಿ. 11ಕ್ಕೆ ಹೊರಗೆ ಹೋಗಲು ಎದ್ದರೆ ಕಾಲು ಅಡ್ಡಡ್ಡ ಬೀಳುತ್ತಿತ್ತು. ಟೆಂಟಿನ ಹುಡುಗರು ಅದನ್ನು ನೋಡಿದ ಕೂಡಲೇ, 'ಈಗಲೇ ಕೆಳಗೆ ಹೋಗಬೇಕು, ಬೆಳಗಿನವರೆಗೆ ಕಾಯಬೇಡಿ' ಅಂದರು. ಅವರದೇ ಜೀಪಿನಲ್ಲಿ ಕತ್ತಲಲ್ಲಿ ಮನಾಲಿ ಕಡೆಗೆ ಇಳಿಸಿದರು. ಬೈಕ್ ಎರಡೂ ಅಲ್ಲೇ ಬಿಟ್ಟೆವು. ಕೆಳಗೆ ಬರಬರುತ್ತಾ ನಮ್ಮ ಮನೆಯವರು ಸರಿಯಾಗಿ ಮಾತಾಡತೊಡಗಿದರು.

ಆ ಹುಡುಗರು ಇಲ್ಲದಿದ್ದರೆ ಏನಾಗುತ್ತಿತ್ತೋ ನಾನು ಯೋಚಿಸಲು ಹೋಗುವುದಿಲ್ಲ. ಮೇಷ್ಟ್ರೇ, ದಯವಿಟ್ಟು ಶಿಮ್ಲಾ ಕಡೆಯಿಂದ ಹೋಗಿ.

ಬಿಳಿಕೋಟು, ಮಾರ್ಚ್ 5

ದಾವಣಗೆರೆಯಲ್ಲಿ ಡಾಕ್ಟರ್ ಆಗಿದ್ದೇನೆ, ಬೈಕ್ ಹುಚ್ಚೂ ಇದೆ. ಮೇಡಂ ಹೇಳಿದ್ದರಲ್ಲಿ ಒಂದು ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು, ಇವು ಎತ್ತರದ ಕಾಯಿಲೆಯ ಮೊದಲ ಗುರುತು. ಅಷ್ಟಿದ್ದರೆ ಇನ್ನೂ ಮೇಲೆ ಹೋಗಬಾರದು, ಇದ್ದಲ್ಲೇ ಇರಬೇಕು. ಆದರೆ ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಅದು ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬಿದ ಲಕ್ಷಣ. ಆಗ ಒಂದೇ ಮದ್ದು, ಕೆಳಗೆ ಇಳಿಯುವುದು. ಅದೂ ತಕ್ಷಣ.

ಇದು ಮೈ ಗಟ್ಟಿ ಇದ್ದವರಿಗೆ ಬರುವುದಿಲ್ಲ ಅನ್ನುವುದು ಸುಳ್ಳು. ವ್ಯಾಯಾಮ ಮಾಡುವವರಿಗೂ ಬರುತ್ತದೆ, ಹೋದ ಸಲ ಬಾರದವರಿಗೂ ಈ ಸಲ ಬರಬಹುದು. 3,000 ಮೀಟರ್ ದಾಟಿದ ಮೇಲೆ ದಿನಕ್ಕೆ ಮಲಗುವ ಎತ್ತರ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಹಗಲು ಎಷ್ಟು ಮೇಲೆ ಹೋಗಿ ಬಂದರೂ ನಡೆಯುತ್ತದೆ, ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ. ಎತ್ತರದ ಕಾಯಿಲೆ ಬಾರದಿರಲಿ ಅಂತ ನುಂಗುವ ಡಯಾಮಾಕ್ಸ್ ಮಾತ್ರೆಯ ಹೆಸರು ಎಲ್ಲರ ಬಾಯಲ್ಲೂ ಇದೆ. ಅದು ನೆರವಾಗುತ್ತದೆ, ಆದರೆ ಸಲ್ಫಾ ಔಷಧಿ ಒಗ್ಗದವರು, ಕಿಡ್ನಿ ತೊಂದರೆ ಇದ್ದವರು ತಾವಾಗಿಯೇ ನುಂಗಬಾರದು. ಊರಿನಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಕುಡಿತ ಬೇಡ. ನಿದ್ದೆ ಮಾತ್ರೆಯೂ ಬೇಡ.

ತುಂಗಾತೀರ, ಮಾರ್ಚ್ 6

ಕೆಂಪುಹೆಲ್ಮೆಟ್ ಅಕ್ಕ, ನಿಮ್ಮ ಬರಹವನ್ನು ನಾನು, ಭಾವಮೈದ ಇಬ್ಬರೂ ಕೂತು ಓದಿದೆವು. ಮನಾಲಿ ಕಡೆಯಿಂದ ಹೋಗುವ ಮಾತು ಅಲ್ಲಿಗೇ ಬಿಟ್ಟೆವು.

ಆದರೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಸ್ಕೂಲು ಮೇ ಕೊನೆಗೆ ಶುರುವಾಗುತ್ತದೆ. ಜೂನ್‌ಗೆ ನನಗೆ ರಜೆ ಸಿಗುವುದಿಲ್ಲ. ಹಾಗಾದರೆ ಚಂದ್ರತಾಲ್ ಇಲ್ಲ, ಕುಂಜುಮ್ ಇಲ್ಲ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಎರಡು ವರ್ಷದಿಂದ ಆ ಸರೋವರದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಅಷ್ಟು ದೂರ ಹೋಗಿ ಅರ್ಧ ನೋಡಿ ಬಂದ ಹಾಗೆ ಆಗುವುದಿಲ್ಲವಾ?

ಹಳೇಹುಬ್ಬಳ್ಳಿ, ಮಾರ್ಚ್ 6

ಸರ್, ಅರ್ಧ ಅಲ್ಲ. ನಾನು ಬೇಕಂತಲೇ ಎರಡು ಸಲ ಹಾಗೇ ಹೋಗಿ ಹಾಗೇ ಬಂದಿದ್ದೇನೆ. ಸುತ್ತು ಹೊಡೆಯಬೇಕು ಅಂತ ಹೊರಟವರಿಗೆ ಮುಂದಿನ ಊರಿನದೇ ಚಿಂತೆ. ಅಡ್ಡದಾರಿಗೆ ಹೋಗಲು ದಿನವೇ ಇರುವುದಿಲ್ಲ. ಸ್ಪಿತಿ ಇರುವುದೇ ಅಡ್ಡದಾರಿಗಳಲ್ಲಿ. ಹೆದ್ದಾರಿ ನದಿ ಪಕ್ಕ ಹೋಗುತ್ತದೆ, ಹಳ್ಳಿಗಳು ಮೇಲೆ ಕೂತಿವೆ.

ಕರ್ಛಮ್‌ನಲ್ಲಿ ಬಲಕ್ಕೆ ತಿರುಗಿದರೆ ಬಾಸ್ಪಾ ನದಿಯ ಕಣಿವೆ. ಸಾಂಗ್ಲಾ, ಕೊನೆಗೆ ಚಿತ್ಕುಲ್. ಅಲ್ಲಿಗೆ ರಸ್ತೆ ಮುಗಿಯುತ್ತದೆ. ಮರದ ಮನೆ, ಕಲ್ಲಿನ ಮಾಡು, ಮನೆ ಹಿಂದೆಯೇ ಹಿಮ. ಮುಂದೆ ಖಾಬ್ ಹತ್ತಿರ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿ ಸೇತುವೆ ದಾಟಿದ ಮೇಲೆ ಹೇರ್‌ಪಿನ್ ತಿರುವುಗಳು ಶುರು. ಆಗುಂಬೆಯ 14 ತಿರುವು ಹತ್ತಿದವರಿಗೆ ಕೈ ಪಳಗಿರುತ್ತದೆ, ಆದರೆ ಇಲ್ಲಿ ತಡೆಗೋಡೆಯ ಬದಲು ಗಾಳಿ ಇರುತ್ತದೆ. ಒಂದೇ ಒಂದು ಹಸಿರೆಲೆ ಕಾಣುವುದಿಲ್ಲ. ಕಿನ್ನೌರ್‌ನ ಸೇಬಿನ ತೋಟದಿಂದ ಬಂದವರಿಗೆ ಬೇರೆ ಲೋಕಕ್ಕೆ ಬಂದ ಹಾಗೆ ಆಗುತ್ತದೆ. ಮತ್ತೆ ಗಿಯು ಹಳ್ಳಿ, ಅಲ್ಲಿ ಕೂತ ಭಂಗಿಯಲ್ಲೇ ಇರುವ ಹಳೇ ಕಾಲದ ಬೌದ್ಧ ಭಿಕ್ಷುವಿನ ದೇಹ ಇದೆ. ತಾಬೋ ಮಠ ಕಟ್ಟಿದ್ದು 996ರಲ್ಲಿ. ಹೊರಗಿನಿಂದ ನೋಡಿದರೆ ಮಣ್ಣಿನ ಗುಡ್ಡೆ ಅನ್ನಿಸುತ್ತದೆ. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುತ್ತಾ ಹೋದ ಹಾಗೆ ಗೋಡೆ ತುಂಬಾ ಚಿತ್ರ, ಮಣ್ಣಿನ ಮೂರ್ತಿಗಳು ಒಂದೊಂದಾಗಿ ಎದ್ದು ಬರುತ್ತವೆ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ.

ಕಾಜಾದಲ್ಲಿ ಕನಿಷ್ಠ ಮೂರು ರಾತ್ರಿ ಇಡಿ. ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಒಂದು ದಿನ. ಕೀ, ಕಿಬ್ಬರ್, ಚಿಚಮ್ ಸೇತುವೆ ಇನ್ನೊಂದು ದಿನ. ಲಾಂಗ್ಜಾ ಮಕ್ಕಳು ಸಮುದ್ರ ಜೀವಿಗಳ ಕಲ್ಲಾದ ಗುರುತು ತಂದು ತೋರಿಸುತ್ತಾರೆ, ನಮ್ಮ ಮನೆಯ ಸಾಲಿಗ್ರಾಮದ ಥರದ್ದೇ. 4,400 ಮೀಟರ್ ಮೇಲೆ ಸಮುದ್ರದ ಕಲ್ಲು! ನೋಡಿ, ಕೊಳ್ಳಬೇಡಿ, ಎತ್ತಿಕೊಂಡು ಬರಬೇಡಿ. ಅದು ಅಲ್ಲೇ ಇರಬೇಕಾದದ್ದು. ಮೇಷ್ಟ್ರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಅದೇ ದಾರಿಯಲ್ಲಿ ವಾಪಸ್ ಬರುವಾಗ ಬೆಳಕು ಎದುರಿನಿಂದ ಬೀಳುತ್ತದೆ. ಹೋಗುವಾಗ ಬೆನ್ನ ಹಿಂದೆ ಇದ್ದ ಬೆಟ್ಟ ಬರುವಾಗ ಮುಖಕ್ಕೆ ಬರುತ್ತದೆ. ಅದೇ ದಾರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಘಟ್ಟದಾರಿ, ಮಾರ್ಚ್ 7

ಹುಬ್ಬಳ್ಳಿಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಎಲ್ಲರೂ ಕಲ್ಪಾ ಬಿಟ್ಟ ಮೇಲೆ ನಾಕೋದಲ್ಲಿ ಮಲಗುತ್ತಾರೆ. ನಾಕೋ 3,660 ಮೀಟರ್. ಕಲ್ಪಾದಿಂದ ಒಂದೇ ಸಲಕ್ಕೆ 700 ಮೀಟರ್ ಏರಿಕೆ. ಬದಲಿಗೆ ನಾಕೋದಲ್ಲಿ ಊಟ ಮಾಡಿ, ಕೆರೆ ಸುತ್ತ ಒಂದು ಸುತ್ತು ಹಾಕಿ, ತಾಬೋಕ್ಕೆ ಇಳಿದು ಮಲಗಿ. ದಿನ ಉದ್ದವಾಗುತ್ತದೆ, ಬೆಳಗ್ಗೆ 6ಕ್ಕೇ ಹೊರಡಬೇಕು. ಆದರೆ ರಾತ್ರಿ ನಿದ್ದೆ ಬರುತ್ತದೆ.

ಪೆಟ್ರೋಲ್ ವಿಷಯ. ರೆಕಾಂಗ್ ಪಿಯೋ ಕೆಳಗೆ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ. ಅಲ್ಲಿಂದ ಕಾಜಾ ಬಂಕ್‌ವರೆಗೆ ನೇರ ದಾರಿಯೇ ಸುಮಾರು 200 ಕಿ.ಮೀ. ಅಡ್ಡದಾರಿಯ ಗಿಯು, ಢಂಕರ್ ಮಠ ಸೇರಿದರೆ ಇನ್ನೂ ಜಾಸ್ತಿ. ನಿಮ್ಮ ಎರಡೂ ಬೈಕಿಗೆ ಟ್ಯಾಂಕ್ ಸಾಕಾಗುತ್ತದೆ. ಆದರೂ ಎರಡು ಲೀಟರ್ ಕೈಯಲ್ಲಿರಲಿ. ಕಾಜಾದಲ್ಲಿ ಎಟಿಎಂ ಇದೆ, ನಂಬಿಕೊಂಡು ಹೋಗಬೇಡಿ, ನಗದು ಇಟ್ಟುಕೊಳ್ಳಿ.

ಕಡಲಾಚೆ, ಮಾರ್ಚ್ 7

ನಾನು ಕೆನಡಾದಲ್ಲಿದ್ದೇನೆ, ಈಗ ಅಲ್ಲಿನ ಪಾಸ್‌ಪೋರ್ಟ್. ಇದೇ ದಾರಿಗೆ ಊರಿನ ಗೆಳೆಯರ ಜೊತೆ ಹೋಗುವ ಆಸೆ. ನನಗೆ ಪರ್ಮಿಟ್ ಬೇಕಾ?

ಘಟ್ಟದಾರಿ, ಮಾರ್ಚ್ 7

ಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶಿಮ್ಲಾದಿಂದ ಕಾಜಾವರೆಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಗಡಿ ಪ್ರದೇಶಕ್ಕೆ ಹೋಗುವ ಅನುಮತಿ, ಬೇಡ. ಬೇರೆ ದೇಶದ ಪಾಸ್‌ಪೋರ್ಟ್ ಇದ್ದವರಿಗೆ ರೆಕಾಂಗ್ ಪಿಯೋದಿಂದ ತಾಬೋ ಕಡೆಗಿನ ದಾರಿಗೆ ಬೇಕು. ಟಿಬೆಟ್ ಗಡಿ ಹತ್ತಿರ ಅಲ್ವಾ. ರೆಕಾಂಗ್ ಪಿಯೋದಲ್ಲಿ ಮಾಡಿಸಿಕೊಳ್ಳಬಹುದು. ಸರ್ಕಾರಿ ರಜೆ ದಿನ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ.

ಸ್ಪ್ಯಾನರ್, ಮಾರ್ಚ್ 8

ಹಾಸನದಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಪಲ್ಸರ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಏರುತ್ತದೆ ಸರ್. ಧೈರ್ಯವಾಗಿ ತಗೊಂಡು ಹೋಗಿ. ಹಗುರ ಬೈಕು, ಬಿದ್ದರೆ ಒಬ್ಬರೇ ಎತ್ತಬಹುದು. ಆದರೆ ಒಂದು ಅರ್ಥ ಮಾಡಿಕೊಳ್ಳಿ. 4,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 60 ಭಾಗ ಮಾತ್ರ. ನಿಮಗೆ ಉಸಿರು ಕಟ್ಟುವ ಹಾಗೇ ಎಂಜಿನ್‌ಗೂ ಕಟ್ಟುತ್ತದೆ. 2017ರ ಪಲ್ಸರ್ ಅಂದರೆ ಕಾರ್ಬುರೇಟರ್. ಗಾಳಿ ಕಡಿಮೆ, ಪೆಟ್ರೋಲ್ ಅಷ್ಟೇ ಬರುತ್ತಿರುತ್ತದೆ. ಹಾಗಾಗಿ ಪ್ಲಗ್ ಕಪ್ಪು ಕಟ್ಟುತ್ತದೆ, ಬೈಕು ಕೆಮ್ಮುತ್ತದೆ. ಹೊಸ ಏರ್ ಫಿಲ್ಟರ್ ಹಾಕಿಸಿ, ಒಂದು ಸ್ಪೇರ್ ಪ್ಲಗ್ ಇಟ್ಟುಕೊಳ್ಳಿ, ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದನ್ನು ಇಲ್ಲೇ ಕಲಿಯಿರಿ. ಕೋಮಿಕ್ ಏರುವಾಗ ಮೊದಲನೇ ಗೇರಿನಲ್ಲೇ ಹೋಗಬೇಕಾಗಬಹುದು, ಹಿಂದೆ ಯಾರನ್ನೂ ಕೂರಿಸಬೇಡಿ.

ಕ್ಲಾಸಿಕ್‌ಗೆ ಸ್ಪೋಕ್ ಚಕ್ರ, ಟ್ಯೂಬ್ ಟೈರ್ ಇದ್ದರೆ ಮುಂದಿನದು ಹಿಂದಿನದು ಎರಡೂ ಟ್ಯೂಬ್, ಟೈರ್ ಲಿವರ್, ಒಂದು ಪಂಪ್. ಪಲ್ಸರ್ ಟ್ಯೂಬ್‌ಲೆಸ್, ಪಂಕ್ಚರ್ ಕಿಟ್ ಸಾಕು. ಕ್ಲಚ್ ಕೇಬಲ್ ಎರಡಕ್ಕೂ ಒಂದೊಂದು. ನಾನು ಹೇಳುವ ಉಪಾಯ ಇದು: ಹೊಸ ಕೇಬಲ್‌ನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಡಿ. ತುಂಡಾದರೆ ಎರಡು ತುದಿ ಬದಲಾಯಿಸಿದರೆ ಆಯಿತು. ಚಳಿಯಲ್ಲಿ ಬೆರಳು ಮರಗಟ್ಟಿರುವಾಗ ಟ್ಯಾಂಕ್ ಎತ್ತಿ ಕೇಬಲ್ ಹಾಕುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಬೈಕ್ ಕಳಿಸಬೇಕಾ ಬಾಡಿಗೆಯಾ ಅಂದರೆ, ನಿಮ್ಮ ಬೈಕಿನ ಶಬ್ದ ನಿಮಗೆ ಗೊತ್ತು. ಎಲ್ಲಿ ಏನು ಸಡಿಲ ಆಗಿದೆ ಅಂತ ಕಿವಿಯೇ ಹೇಳುತ್ತದೆ. ನನ್ನ ಮತ ಸ್ವಂತ ಬೈಕಿಗೇ.

ಹಳೇಹುಬ್ಬಳ್ಳಿ, ಮಾರ್ಚ್ 8

ರೈಲಿಗೆ ದಾರಿ ಇದೆ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ, ನಮ್ಮ ಹುಬ್ಬಳ್ಳಿ ಮೇಲೇ ಹೋಗುತ್ತದೆ. ಚಂಡೀಗಢದಿಂದ ಶಿಮ್ಲಾ 115 ಕಿ.ಮೀ. ಸುಮಾರು. ನೀವು ಹೋಗುವ ರೈಲಿನಲ್ಲೇ ಬೈಕ್ ಹೋಗಬೇಕು ಅಂದರೆ ಲಗೇಜ್ ಅಂತ ಬುಕ್ ಮಾಡಬೇಕು, ಟಿಕೆಟ್ ತೋರಿಸಬೇಕು. ಪಾರ್ಸೆಲ್ ಅಂತ ಮಾಡಿದರೆ ಜಾಗ ಇದ್ದ ಗಾಡಿಗೆ ಹಾಕುತ್ತಾರೆ. ನಾನು ಮೊದಲ ಸಲ ಪಾರ್ಸೆಲ್ ಮಾಡಿದ್ದೆ. ಬೈಕ್ ನಾಲ್ಕು ದಿನ ತಡವಾಗಿ ಬಂತು. ರಜೆಯಲ್ಲಿ ನಾಲ್ಕು ದಿನ ಹೋಯಿತು ಅಂದರೆ ಏನು ಉಳಿಯುತ್ತದೆ ಹೇಳಿ.

ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಆರ್‌ಸಿ, ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಕನ್ನಡಿ ಬಿಚ್ಚಿ ಬ್ಯಾಗಿನಲ್ಲಿಡಿ. ಗೋಣಿಚೀಲ, ಹುಲ್ಲು ಹಾಕಿ ಕಟ್ಟಿಸಿ, ಹೆಡ್‌ಲೈಟ್‌ಗೆ ಎರಡು ಪದರ. ಊರಿನ ಹೆಸರು ರಟ್ಟಿನ ಮೇಲೆ ದಪ್ಪಗೆ ಬರೆದು ಎರಡು ಕಡೆ ಕಟ್ಟಿ. ರೈಲು ಹೊರಡುವ ಹೊತ್ತಿಗೆ ಹೋದರೆ ಆಗುವುದಿಲ್ಲ, ಹಿಂದಿನ ದಿನವೇ ಸ್ಟೇಷನ್‌ಗೆ ಹೋಗಿ ವಿಚಾರಿಸಿ.

ಮೋಡದಮರೆ, ಮಾರ್ಚ್ 10

ಮೇಷ್ಟ್ರ ಚರ್ಚೆಯಲ್ಲಿ ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾವು ನಾಲ್ವರು ಜೂನ್ ಕೊನೆಗೆ ಹೋಗುತ್ತೇವೆ. ಶಿಮ್ಲಾದಿಂದ ಒಳಗೆ, ಮನಾಲಿಗೆ ಹೊರಗೆ. ಬಾತಲ್ ಕಡೆ ಹಳ್ಳ ದಾಟುವುದು ತುಂಬಾ ಕಷ್ಟ ಅಂತ ಕೇಳಿದ್ದೇವೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಘಟ್ಟದಾರಿ, ಮಾರ್ಚ್ 10

ಒಳ್ಳೆಯ ಪ್ರಶ್ನೆ. ಕುಂಜುಮ್ ಇಳಿದ ಮೇಲೆ ಬಾತಲ್‌ನಿಂದ ಗ್ರಾಂಫೂವರೆಗೆ ಸುಮಾರು 50 ಕಿ.ಮೀ. ಅಲ್ಲಿ ರಸ್ತೆ ಅನ್ನುವುದಕ್ಕಿಂತ ಕಲ್ಲಿನ ಹರಿವು ಅನ್ನಬೇಕು. ಮೇಲಿನ ಹಿಮನದಿಗಳಿಂದ ಇಳಿಯುವ ಹಳ್ಳಗಳು ನೇರವಾಗಿ ದಾರಿ ಮೇಲೆಯೇ ಹರಿಯುತ್ತವೆ. ಅಲ್ಲಿನವರು ನಾಲಾ ಅನ್ನುತ್ತಾರೆ.

ನಮ್ಮ ಮಲೆನಾಡಿನ ಹಳ್ಳ ಮಳೆ ಬಂದರೆ ಏರುತ್ತದೆ. ಅಲ್ಲಿಯದು ಬಿಸಿಲು ಬಂದರೆ ಏರುತ್ತದೆ. ರಾತ್ರಿ ಹಿಮ ಗಟ್ಟಿಯಾಗಿರುತ್ತದೆ, ಬೆಳಗ್ಗೆ 7ಕ್ಕೆ ಪಾದ ಮುಳುಗುವಷ್ಟು ನೀರು. ಮಧ್ಯಾಹ್ನ 2ಕ್ಕೆ ಅದೇ ಜಾಗದಲ್ಲಿ ಮೊಣಕಾಲಿನ ಮೇಲೆ. ಆಕಾಶ ನೀಲಿಯಾಗಿದೆ ಅಂತ ಮೋಸ ಹೋಗಬೇಡಿ, ನೀಲಿ ಆಕಾಶದ ದಿನವೇ ನೀರು ಜಾಸ್ತಿ. ಹಾಗಾಗಿ ಹಿಂದಿನ ರಾತ್ರಿ ಕುಂಜುಮ್‌ಗೆ ಮುಂಚೆ ಸಿಗುವ ಲೋಸರ್ ಅಥವಾ ಬಾತಲ್ ಹತ್ತಿರ ಉಳಿದು ಬೆಳಗ್ಗೆ 6ಕ್ಕೆ ಹೊರಡಿ. ಹತ್ತು ಗಂಟೆಯೊಳಗೆ ದೊಡ್ಡ ಹಳ್ಳಗಳು ಹಿಂದೆ ಬಿದ್ದಿರಬೇಕು.

ದಾಟುವುದು ಹೀಗೆ. ಬೈಕ್ ನಿಲ್ಲಿಸಿ ಇಳಿಯಿರಿ. ಒಂದು ಜೀಪ್ ಬರುವವರೆಗೆ ಕಾಯಿರಿ, ಅದರ ಚಕ್ರ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ನೋಡಿ. ನೀರು ಅಗಲವಾಗಿ ಹರಡಿರುವ ಕಡೆ ಆಳ ಕಡಿಮೆ. ಕಿರಿದಾಗಿ ಕಪ್ಪಗೆ ಕಾಣುವ ಕಡೆ ಹೋಗಬೇಡಿ. ಮೊದಲನೇ ಗೇರು, ಅರ್ಧ ಕ್ಲಚ್, ಒಂದೇ ಸಮ ಆಕ್ಸಿಲರೇಟರ್. ನೀರು ನೋಡಬೇಡಿ, ಆಚೆ ದಡ ನೋಡಿ. ತಳದಲ್ಲಿ ತೆಂಗಿನಕಾಯಿ ಗಾತ್ರದ ದುಂಡು ಕಲ್ಲುಗಳು. ಮುಂದಿನ ಚಕ್ರ ಒಂದಕ್ಕೆ ತಾಗಿ ಪಕ್ಕಕ್ಕೆ ಜಾರುತ್ತದೆ, ಆಗ ಹ್ಯಾಂಡಲ್ ಬಿಗಿ ಹಿಡಿದರೆ ಬೀಳುತ್ತೀರಿ. ಅದು ಅಲ್ಲಾಡಲಿ, ನೀವು ಮುಂದೆ ಹೋಗುತ್ತಿರಿ. ನಡುವೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಇಬ್ಬರು ಇಳಿದು ತಳ್ಳಿ ದಡಕ್ಕೆ ತನ್ನಿ. ಒಬ್ಬರು ಪೂರ್ತಿ ದಾಟುವವರೆಗೆ ಇನ್ನೊಬ್ಬರು ಇಳಿಯಬಾರದು.

ನಾನು 2019ರಲ್ಲಿ ಮಧ್ಯಾಹ್ನ ಒಂದೂವರೆಗೆ ಅಲ್ಲಿಗೆ ಹೋಗಿದ್ದೆ. ಬಿದ್ದೆ. ನೀರಿನ ಚಳಿ ಎಷ್ಟಿತ್ತು ಅಂದರೆ ಎರಡು ನಿಮಿಷಕ್ಕೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹಿಂದೆ ಬಂದ ಟ್ರಕ್ಕಿನವರು ಮಾತಾಡದೆ ಇಳಿದು ಬೈಕ್ ಎಳೆದು ಹಾಕಿದರು. ಟ್ರಕ್ಕಿನ ಪಕ್ಕದಲ್ಲೇ ಒಲೆ ಇಟ್ಟು ಟೀ ಮಾಡಿ ಕೊಟ್ಟರು.

ಆಮೇಲೆ ಗ್ರಾಂಫೂದಿಂದ ರೋಹ್ತಾಂಗ್ ಪಾಸ್ ಹತ್ತಬೇಕಾಗಿಲ್ಲ. ಎಡಕ್ಕೆ ಹತ್ತುವ ಬದಲು ಕೊಕ್ಸರ್ ಕಡೆ ಇಳಿದರೆ ಅಟಲ್ ಸುರಂಗ, 9.02 ಕಿ.ಮೀ. 2020ರ ಅಕ್ಟೋಬರ್‌ನಲ್ಲಿ ತೆರೆದದ್ದು. ಆಚೆ ಕಡೆ ಮನಾಲಿ.

ಬಿಳಿಕೋಟು, ಮಾರ್ಚ್ 11

ಜೂನ್ ಕೊನೆ ಅಂದಿದ್ದೀರಿ. ದಿನ ಮುಂದಕ್ಕೆ ತಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್‌ಗೆ ಮಳೆ. ಗುಡ್ಡ ಸಡಿಲವಾಗಿರುತ್ತದೆ. 2021ರ ಜುಲೈ 25ಕ್ಕೆ ಸಾಂಗ್ಲಾ ಕಣಿವೆಯ ಬಟ್ಸೇರಿಯಲ್ಲಿ ಬಂಡೆ ಉರುಳಿ 9 ಪ್ರವಾಸಿಗರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 11ಕ್ಕೆ ನಿಗುಲ್ಸಾರಿಯಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು 28 ಜನ. ಕಲ್ಲು ಬೀಳುವ ಜಾಗ ಅಂತ ಬೋರ್ಡ್ ಇರುವ ಕಡೆ ಫೋಟೋಗೆ ನಿಲ್ಲಬೇಡಿ. ಮೇಲೆ ಸಣ್ಣ ಕಲ್ಲು ಉದುರುವುದು ಕಂಡರೆ ದೂರದಲ್ಲೇ ನಿಂತುಬಿಡಿ.

ತುಂಗಾತೀರ, ಮಾರ್ಚ್ 14

ಎಲ್ಲರ ಮಾತೂ ಕೇಳಿ ಹೊಸ ಲೆಕ್ಕ ಹಾಕಿದ್ದೇವೆ. ತಪ್ಪಿದ್ದರೆ ತಿದ್ದಿ. ಹುಬ್ಬಳ್ಳಿಯಿಂದ ರೈಲು, ಬೈಕ್ ಅದೇ ರೈಲಿನಲ್ಲಿ ಲಗೇಜ್. ಚಂಡೀಗಢದಿಂದ ಮೊದಲ ದಿನ ನಾರ್ಕಂಡಾ. ಆಮೇಲೆ ಸರಹನ್, ಭೀಮಾಕಾಳಿ ದೇವಸ್ಥಾನ ನೋಡಬೇಕು ಅಂತ ಅಮ್ಮನ ಆಸೆ, ಪ್ರಸಾದ ತರಬೇಕಂತೆ. ಸಾಂಗ್ಲಾದಲ್ಲಿ ಎರಡು ರಾತ್ರಿ, ನಡುವಿನ ದಿನ ಚಿತ್ಕುಲ್. ಕಲ್ಪಾ. ನಾಕೋದಲ್ಲಿ ಊಟ, ತಾಬೋದಲ್ಲಿ ನಿದ್ದೆ. ಢಂಕರ್ ನೋಡಿಕೊಂಡು ಕಾಜಾ, ಅಲ್ಲಿ ಮೂರು ರಾತ್ರಿ. ವಾಪಸ್ ಕಲ್ಪಾ, ರಾಂಪುರ, ಚಂಡೀಗಢ. 12 ದಿನ. ಮೇಲೆ ಎರಡು ದಿನ ಎಲ್ಲಿಗೂ ಸೇರಿಸದೆ ಖಾಲಿ ಇಟ್ಟಿದ್ದೇವೆ.

ಕೆಂಪುಹೆಲ್ಮೆಟ್, ಮಾರ್ಚ್ 14

ಆ ಎರಡು ಖಾಲಿ ದಿನವನ್ನು ಯಾರು ಎಷ್ಟು ಹೇಳಿದರೂ ತುಂಬಿಸಬೇಡಿ. ಮೇ ತಿಂಗಳಲ್ಲಿ ಕಾಜಾದ ಬೆಳಗು ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಒಂದರ ಮೇಲೊಂದು ಒಳ್ಳೆಯದು. ಬಿಸಿಲು ಮುಖ ಸುಡುತ್ತದೆ, ತುಟಿಗೆ ತುಪ್ಪ ಹಚ್ಚಿ. ಹುರಿಗಡಲೆ, ಶೇಂಗಾ ಚಿಕ್ಕಿ, ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ. ಎತ್ತರದಲ್ಲಿ ಹಸಿವು ಸತ್ತುಹೋಗಿರುತ್ತದೆ. ನಾಲಿಗೆಗೆ ಗೊತ್ತಿರುವ ರುಚಿ ಇದ್ದರೆ ಎರಡು ತುತ್ತು ಜಾಸ್ತಿ ಹೋಗುತ್ತದೆ.

ತುಂಗಾತೀರ, ಮೇ 17, ತಾಬೋದಿಂದ

ನೆಟ್‌ವರ್ಕ್ ಸಿಕ್ಕಿದೆ, ಬೇಗ ಬರೆಯುತ್ತೇನೆ. ನಿನ್ನೆ ಪೂಹ್ ದಾಟಿದ ಮೇಲೆ ಗುಡ್ಡ ಜರಿದು ಮೂರು ಗಂಟೆ ನಿಂತೆವು. ತಾಬೋಗೆ ಬಂದಾಗ ಕತ್ತಲಾಗುತ್ತಿತ್ತು. ರಾತ್ರಿ ಭಾವಮೈದನಿಗೆ ತಲೆನೋವು, ಅನ್ನ ಮುಟ್ಟಲಿಲ್ಲ. ನಡೆಸಿ ನೋಡಿದೆ, ನೇರವಾಗಿ ನಡೆದ. ಡಾಕ್ಟರ್ ಹೇಳಿದ ಹಾಗೆ ಇವತ್ತು ಇಲ್ಲೇ ಉಳಿದೆವು. ಖಾಲಿ ದಿನ ಒಂದು ಖರ್ಚಾಯಿತು. ಬೆಳಗ್ಗೆ ಗಂಜಿ ಥರ ಮಾಡಿಕೊಟ್ಟರು, ಚಟ್ನಿಪುಡಿ ಹಾಕಿಕೊಂಡು ತಿಂದ. ಸಂಜೆ ಮಠದ ಹಿಂದಿನ ಗುಹೆಗಳವರೆಗೆ ನಿಧಾನವಾಗಿ ನಡೆದು ಬಂದೆವು. ಈಗ ಗೊರಕೆ ಹೊಡೆಯುತ್ತಿದ್ದಾನೆ.

ಬಿಳಿಕೋಟು, ಮೇ 17

ಸರಿಯಾಗಿ ಮಾಡಿದ್ದೀರಿ. ನಾಳೆ ತಲೆನೋವು ಪೂರ್ತಿ ಹೋಗಿದ್ದರೆ ಮಾತ್ರ ಕಾಜಾ.

ತುಂಗಾತೀರ, ಮೇ 30

ಸುಖವಾಗಿ ಬಂದು ಸೇರಿದ್ದೇವೆ. ನಿನ್ನೆ ಸ್ಕೂಲಿಗೂ ಹೋದೆ.

ಕೀ ಮಠದಲ್ಲಿ ನಡೆದದ್ದನ್ನು ನಿಮಗೆಲ್ಲ ಹೇಳಬೇಕು. ಕೆಳಗೆ ಬೈಕ್ ನಿಲ್ಲಿಸಿ ಮೆಟ್ಟಿಲು ಹತ್ತುತ್ತಿದ್ದೆವು, ಹತ್ತು ಹೆಜ್ಜೆಗೆ ಒಂದು ಸಲ ನಿಂತು. ಮೇಲಿನಿಂದ ಇಳಿಯುತ್ತಿದ್ದ ಒಬ್ಬ ಲಾಮಾ ನಮ್ಮ ಬೈಕಿನ ಕೆಎ 14 ನಂಬರ್ ನೋಡಿ ನಿಂತರು. 'ಊಟ ಆಯ್ತಾ?' ಅಂದರು. ಅಚ್ಚ ಕನ್ನಡದಲ್ಲಿ! ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ಓದಿದವರಂತೆ. ಒಳಗೆ ಕರೆದುಕೊಂಡು ಹೋಗಿ ಒಲೆಯ ಪಕ್ಕ ಕೂರಿಸಿ ಟೀ ಕೊಟ್ಟರು. ಹುಬ್ಬಳ್ಳಿ ಬಸ್‌ಸ್ಟ್ಯಾಂಡ್, ಮುಂಡಗೋಡಿನ ಸೆಕೆ, ಅಲ್ಲಿಯ ಮಾವಿನಹಣ್ಣು, ಎಲ್ಲ ನೆನಪು ಮಾಡಿಕೊಂಡರು. ಕನ್ನಡ ಮಧ್ಯೆ ಮಧ್ಯೆ ಮರೆತುಹೋಗುತ್ತಿತ್ತು, ಆಗ ಹಿಂದಿ. ಹೊರಡುವಾಗ 'ನಿಧಾನಕ್ಕೆ ಹೋಗಿ' ಅಂದರು. 4,166 ಮೀಟರ್ ಮೇಲೆ ನಮ್ಮ ಮಾತು ಕೇಳಿ ಭಾವಮೈದನ ಕಣ್ಣು ಒದ್ದೆಯಾಯಿತು. ನನ್ನದೂ.

ಚಿಚಮ್ ಸೇತುವೆಗೆ ಹೋಗಲಿಲ್ಲ. ತಾಬೋದಲ್ಲಿ ಕಳೆದ ದಿನ, ಬರುವಾಗ ಮಳೆಗೆ ಒಂದು ದಿನ, ಎರಡೂ ಖಾಲಿ ದಿನ ಬೇಕೇ ಬೇಕಾದವು. ಪಲ್ಸರ್ ಕೋಮಿಕ್‌ವರೆಗೂ ಹತ್ತಿತು. ಒಂದು ಸಲ ಪ್ಲಗ್ ಉಜ್ಜಿದ್ದು ಬಿಟ್ಟರೆ ಏನೂ ಕಾಟ ಕೊಡಲಿಲ್ಲ. ಹಿಕ್ಕಿಂ ಅಂಚೆ ಕಚೇರಿಯಿಂದ ನಮ್ಮ ಹತ್ತನೇ ತರಗತಿಗೆ ಒಂದು ಕಾರ್ಡ್ ಹಾಕಿದ್ದೇನೆ. ಇನ್ನೂ ಬಂದಿಲ್ಲ. ಹುಡುಗರು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದಾರೆ.

ಕುಂಜುಮ್ ಕಡೆಗೆ ಹೋಗುವ ರಸ್ತೆಯನ್ನು ಕಾಜಾದಲ್ಲಿ ನಿಂತು ನೋಡಿದೆ. ಬೆಟ್ಟ ಇನ್ನೂ ಬೆಳ್ಳಗಿತ್ತು. ಸರೋವರದ ಫೋಟೋ ಮೊಬೈಲಿನಲ್ಲೇ ಇದೆ, ಅಳಿಸಿಲ್ಲ.

ಮೋಡದಮರೆ, ಜೂನ್ 2

ಸರ್, ಓದಿ ತುಂಬಾ ಖುಷಿ ಆಯಿತು. ನಾವು 20ಕ್ಕೆ ಹೊರಡುತ್ತೇವೆ. ನಿಮ್ಮ ಹತ್ತಿರ ಬಳಸದೆ ಉಳಿದ ಸಾಮಾನು ಏನಾದರೂ ಇದ್ದರೆ ಕೊಡುತ್ತೀರಾ? ಬಂದ ಮೇಲೆ ವಾಪಸ್ ಕೊಡುತ್ತೇವೆ.

ತುಂಗಾತೀರ, ಜೂನ್ 2

ಖಂಡಿತ. ಸ್ಯಾಡಲ್ ಬ್ಯಾಗ್ ಒಂದು ಜೊತೆ, ಬಂಜಿ ಹಗ್ಗ ನಾಲ್ಕು, ಟೈರ್ ಲಿವರ್, ಪಂಪ್, ಎರಡು ಲೀಟರ್ ಪೆಟ್ರೋಲ್ ಕ್ಯಾನ್, ಕ್ಲಾಸಿಕ್‌ನ ಕ್ಲಚ್ ಕೇಬಲ್ ಒಂದು. ಬ್ಯಾಗಿನ ಎಡಗಡೆ ಜಿಪ್ ಸ್ವಲ್ಪ ಹಿಡಿಯುತ್ತದೆ, ಮೇಣ ಉಜ್ಜಿದರೆ ಸರಿಹೋಗುತ್ತದೆ. ಭಾನುವಾರ ಮನೆಯಲ್ಲೇ ಇರುತ್ತೇನೆ. ಊಟಕ್ಕೆ ಬನ್ನಿ, ತಗೊಂಡು ಹೋಗಿ.